ಹೇಸರಗತ್ತೆಯ ಬೆನ್ನೇರಿ ಬಂದ ಹಡಗು: ಟಿಟಿಕಾಕಾ ಸರೋವರದ ಉಗಿನೌಕೆಗಳು

ಸಮುದ್ರದ ಹಡಗನ್ನು ಎಲ್ಲಿ ಕಟ್ಟಿದರೂ ಅದು ತೇಲಿಕೊಂಡೇ ತನ್ನ ಬಂದರು ಸೇರುತ್ತದೆ. ನಾಲ್ಕೂ ಕಡೆ ನೆಲ ಸುತ್ತುವರಿದ ಸರೋವರದ ಹಡಗಿಗೆ ಈ ಭಾಗ್ಯವಿಲ್ಲ. ಅಮೆರಿಕದ ಷಾಂಪ್ಲೇನ್ ಸರೋವರದಲ್ಲಿ 1809ರಲ್ಲಿ ‘ವರ್ಮಾಂಟ್’, ಜಿನೀವಾ ಸರೋವರದಲ್ಲಿ 1823ರಲ್ಲಿ ‘ಗಿಯೋಮ್ ಟೆಲ್’ ಓಡಾಟ ಶುರುಮಾಡಿದಾಗ ಈ ತೊಡಕು ಅಷ್ಟಾಗಿ ಕಾಡಲಿಲ್ಲ. ಅವು ಮರದ ಹಡಗುಗಳು, ದಡದಲ್ಲೇ ಕಟ್ಟಬಹುದಿತ್ತು. ಪೆರು ಮತ್ತು ಬೊಲಿವಿಯಾ ಹಂಚಿಕೊಂಡಿರುವ ಟಿಟಿಕಾಕಾದ ಸಂಗತಿಯೇ ಬೇರೆ. ಸಮುದ್ರಮಟ್ಟದಿಂದ ಸುಮಾರು 3,810 ಮೀಟರ್ ಎತ್ತರದ ಆ ಬಯಲಿನಲ್ಲಿ ಹಡಗಿಗೆ ಒದಗುವ ಮರವಿಲ್ಲ. ಅಲ್ಲಿನ ಜನ ದೋಣಿ ಹೆಣೆಯುವುದೂ ತೊತೋರಾ ಎಂಬ ಜೊಂಡಿನಿಂದ.

1861ರಲ್ಲಿ, ರಾಮೋನ್ ಕಾಸ್ತಿಯಾ ಅಧ್ಯಕ್ಷರಾಗಿದ್ದಾಗ, ಪೆರು ಸರ್ಕಾರ ಇಂಗ್ಲೆಂಡಿಗೆ ಎರಡು ಕಬ್ಬಿಣದ ಉಗಿಹಡಗುಗಳ ಬೇಡಿಕೆ ಕೊಟ್ಟಿತು. ಸರಕು, ಪ್ರಯಾಣಿಕರನ್ನು ಒಯ್ಯುವುದರ ಜೊತೆಗೆ ತೋಪು ಹೊತ್ತು ಗಡಿ ಕಾಯುವುದೂ ಅವುಗಳ ಕೆಲಸ. ಹೆಸರು ‘ಯಾವಾರಿ’, ‘ಯಾಪುರಾ’. ಗುತ್ತಿಗೆ ಹಿಡಿದದ್ದು ಜೇಮ್ಸ್ ವಾಟ್ ಕಂಪನಿ, ಒಡಲು ತಯಾರಾದದ್ದು ಥೇಮ್ಸ್ ಐರನ್‌ವರ್ಕ್ಸ್‌ನಲ್ಲಿ. ಎರಡನ್ನೂ ಬಿಡಿಭಾಗಗಳಾಗಿ ಮಾಡಿದರು: ಒಟ್ಟು 2,766 ತುಂಡು. ಒಂದೊಂದರ ತೂಕವನ್ನೂ ಹೇಸರಗತ್ತೆ ಹೊರಬಲ್ಲಷ್ಟಕ್ಕೆ ಮಿತಿಗೊಳಿಸಿದ್ದರು. ಈ ಹಡಗುಗಳ ಅಸಲಿ ಅಳತೆಗೋಲು ಈ ಪ್ರಾಣಿಯ ಬೆನ್ನೇ ಎಂಬುದು ನನ್ನ ವಾದ. ಎಂಜಿನಿಯರನ ಲೆಕ್ಕಾಚಾರವೆಲ್ಲ ಅದಕ್ಕೆ ತಲೆಬಾಗಬೇಕಾಯಿತು.

ತುಂಡುಗಳು ಕೇಪ್ ಹಾರ್ನ್ ಬಳಸಿ 1862ರಲ್ಲಿ ಅರಿಕಾ ಬಂದರು ಮುಟ್ಟಿದವು. ತಾಕ್ನಾವರೆಗೆ 60 ಚಿಲ್ಲರೆ ಕಿಲೋಮೀಟರ್ ರೈಲು. ಅಲ್ಲಿಂದ ಮರುಭೂಮಿ ದಾಟಿ, ಆಂಡೀಸ್ ಘಟ್ಟ ಹತ್ತಿ, ಸರೋವರದ ದಡದ ಪೂನೋದವರೆಗೆ ಹೇಸರಗತ್ತೆಗಳೂ ಕೂಲಿಯಾಳುಗಳೂ ಹೊರಬೇಕು. ಆರು ತಿಂಗಳಲ್ಲಿ ಮುಗಿಯುತ್ತದೆಂದು ಎಣಿಸಿದ್ದ ಈ ಸಾಗಣೆಗೆ ಆರು ವರ್ಷ ಹಿಡಿಯಿತು. ನಡುವೆ ಸ್ಪೇನಿನೊಡನೆ ಯುದ್ಧ, ಬೆಟ್ಟಸೀಮೆಯ ರೈತರ ದಂಗೆ. ತಗಡು, ರಿವೆಟ್ಟುಗಳು ದಾರಿಯುದ್ದಕ್ಕೂ ಚೆದುರಿ ಬಿದ್ದಿದ್ದವು. ಕೊನೆಗೆ 1870ರ ಕ್ರಿಸ್ಮಸ್ ದಿನ ‘ಯಾವಾರಿ’ ನೀರಿಗಿಳಿಯಿತು, 1873ರಲ್ಲಿ ‘ಯಾಪುರಾ’. ಕಾರ್ಖಾನೆಗಳ ಹೆಸರು ಚರಿತ್ರೆಯಲ್ಲಿ ಭದ್ರವಾಗಿದೆ. ಹೇರು ಹೊಡೆದುಕೊಂಡು ಘಟ್ಟ ಹತ್ತಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಹಡಗು ಬಂತು, ಉರುವಲು? ಕಲ್ಲಿದ್ದಲನ್ನೂ ಅದೇ ಘಟ್ಟದ ಮೇಲೆ ಹೊರಿಸಿ ತರುವುದು ಗಿಟ್ಟುವ ಮಾತಲ್ಲ. ಬೆಟ್ಟದ ಜನ ಒಲೆಗೆ ಬಳಸುತ್ತಿದ್ದ ಲಾಮಾ ಪ್ರಾಣಿಯ ಒಣಗಿದ ಹಿಕ್ಕೆಯೇ ಬಾಯ್ಲರಿಗೂ ಹೋಯಿತು. ಅದನ್ನವರು ‘ತಾಕಿಯಾ’ ಎನ್ನುತ್ತಾರೆ. ಬೆರಣಿಯ ಒಲೆ ಕಂಡವರಿಗೆ ಇದರ ಗುಣ ಗೊತ್ತು: ಉರಿಯುತ್ತದೆ, ಆದರೆ ರಾಶಿ ರಾಶಿ ಬೇಕು. ಸರಕಿಗೆ ಸಿಗಬೇಕಾದ ಜಾಗವನ್ನು ಉರುವಲೇ ನುಂಗುತ್ತಿತ್ತು. 1914ರಲ್ಲಿ ‘ಯಾವಾರಿ’ಯ ಉಗಿಯಂತ್ರ ತೆಗೆದು, ಎಣ್ಣೆಯಿಂದ ಓಡುವ ಸ್ವೀಡನ್ನಿನ ಬೋಲಿಂಡರ್ ಎಂಜಿನ್ ಕೂರಿಸಿದರು.

ಅಷ್ಟರಲ್ಲಿ ದಾರಿಯೂ ಬದಲಾಗಿತ್ತು. 1870ರ ದಶಕದಲ್ಲಿ ಕಡಲತೀರದ ರೈಲು ಪೂನೋ ತಲುಪಿತು. ಬೆನ್ನಿನ ಮಿತಿ ಹೋಗಿ ರೈಲುಬಂಡಿಯ ಮಿತಿ ಬಂತು, ಹಡಗುಗಳೂ ಬೆಳೆದವು. ಬ್ರಿಟನ್ನಿನ ಡಂಬಾರ್ಟನ್‌ನಲ್ಲಿ ತಯಾರಾದ ‘ಕೋಯಾ’ 1890ರ ದಶಕದಲ್ಲಿ, ಇಂಗ್ಲೆಂಡಿನ ಹಲ್ ನಗರದ ‘ಇಂಕಾ’ 1905ರಲ್ಲಿ, ಅದೇ ನಗರದ ‘ಒಯಾಂತಾ’ 1931ರಲ್ಲಿ ಸರೋವರಕ್ಕಿಳಿದವು. ಎಲ್ಲವೂ ಬಿಡಿಭಾಗಗಳಾಗಿ ಬಂದು ದಡದಲ್ಲಿ ಜೋಡಣೆಯಾದಂಥವೇ.

‘ಯಾವಾರಿ’ ಮುಂದೆ ಕೆಲಸವಿಲ್ಲದೆ ಮೂಲೆ ಸೇರಿತು. 1987ರಲ್ಲಿ ಬ್ರಿಟನ್ನಿನ ಮೆರಿಯಲ್ ಲಾರ್ಕನ್ ಅದನ್ನು ಉಳಿಸಲು ಕೊಂಡುಕೊಂಡರು. ಸರೋವರದ ಸಿಹಿನೀರಿನಲ್ಲಿ ತುಕ್ಕು ಆಳಕ್ಕಿಳಿದಿರಲಿಲ್ಲ. ಹೇಸರಗತ್ತೆಗಳು ಹೊತ್ತು ತಂದಿದ್ದ ಕಬ್ಬಿಣದ ಒಡಲು ಆಗಲೂ ಗಟ್ಟಿಯಾಗಿಯೇ ಇತ್ತು.