ಹೆಬ್ಬೆರಳಿನ ಬೆಸುಗೆ

ಹೆಬ್ಬೆರಳು ಎಂದೊಡನೆ ನಮಗೆ ಏಕಲವ್ಯನ ಕೈ ನೆನಪಾಗುತ್ತದೆಯೇ ಹೊರತು ಕಾಲು ನೆನಪಾಗುವುದಿಲ್ಲ. ಕಾಲಿನ ಹೆಬ್ಬೆರಳು ಜ್ಞಾಪಕಕ್ಕೆ ಬರುವುದು ಅದರ ಬುಡದ ಕೀಲು ಸವೆದು, ಹಿಮ್ಮಡಿ ಎತ್ತಿದಾಗಲೆಲ್ಲ ಚುಚ್ಚತೊಡಗಿದಾಗ. ನಡೆಯುವಾಗ ದೇಹವನ್ನು ಮುಂದಕ್ಕೆ ದೂಡುವ ಕೊನೆಯ ಒತ್ತು ಬೀಳುವುದು ಅಲ್ಲಿಯೇ.

1887ರಲ್ಲಿ ಲಂಡನ್ನಿನ ಡೇವೀಸ್-ಕಾಲಿ ಎಂಬ ಶಸ್ತ್ರವೈದ್ಯರು ಈ ಬೇನೆಯನ್ನು ವರ್ಣಿಸಿದರು. ಅದೇ ಸುಮಾರಿಗೆ ಎಡಿನ್‌ಬರೋದ ಕಾಟರಿಲ್ ಕೊಟ್ಟ 'ಹ್ಯಾಲಕ್ಸ್ ರಿಜಿಡಸ್', ಅಂದರೆ ಸೆಟೆದ ಹೆಬ್ಬೆರಳು, ಎಂಬ ಹೆಸರೇ ನಿಂತಿತು.

ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ವೈದ್ಯರು ಈ ಕೀಲನ್ನು ಬೆಸೆದುಬಿಡಬೇಕು ಎಂದರಂತೆ. ಅವರು ಬಂದು ನನ್ನನ್ನು ಕೇಳಿದರು: "ನೀವು ಬಿ.ಎಸ್‌ಸಿ. ಓದಿದವರು, ಹೇಳಿ ರಾಯರೇ. ಕೀಲು ಇರುವುದೇ ಆಡುವುದಕ್ಕೆ. ಅದು ಆಡದಂತೆ ಮಾಡುವುದು ಎಂಥ ಚಿಕಿತ್ಸೆ?" ನ್ಯಾಯವಾದ ಪ್ರಶ್ನೆ. ಶಸ್ತ್ರವೈದ್ಯರನ್ನೂ ಇದು ನೂರು ವರ್ಷಕ್ಕೂ ಮೇಲ್ಪಟ್ಟು ಕಾಡಿದೆ.

ಸವೆದ ಕೀಲಿನಲ್ಲಿ ಎಲುಬಿಗೆ ಎಲುಬು ಉಜ್ಜಿ ನೋವಾಗುತ್ತದೆ. ಅಳಿದುಳಿದ ಮೃದ್ವಸ್ಥಿಯನ್ನು ಕೆರೆದು ತೆಗೆದು, ಎರಡು ಎಲುಬುಗಳನ್ನೂ ಒತ್ತಿ ಹಿಡಿದರೆ, ಮುರಿದ ಮೂಳೆ ಕೂಡುವಂತೆ ಅವು ಕೂಡಿ ಒಂದಾಗುತ್ತವೆ. ಚಲನೆ ಹೋಗುತ್ತದೆ, ಅದರೊಂದಿಗೆ ನೋವೂ ಹೋಗುತ್ತದೆ. 1880ರ ಆಸುಪಾಸಿನಲ್ಲಿ ವಿಯೆನ್ನಾದ ಎಡ್ವರ್ಡ್ ಆಲ್ಬರ್ಟ್, ಲಕ್ವ ಹೊಡೆದು ಜೋಲುವ ಕಾಲುಗಳು ನಿಲ್ಲುವಂತಾಗಲೆಂದು ಕೀಲುಗಳನ್ನು ಬೆಸೆದು, ಆ ಕ್ರಿಯೆಗೆ 'ಆರ್ಥ್ರೊಡೆಸಿಸ್' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಕೀಲು ಕಟ್ಟುವುದು ಎಂದಷ್ಟೇ ಅದರ ಅರ್ಥ.

ಇದನ್ನು ಹೆಬ್ಬೆರಳಿಗೆ ತಂದವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಕ್ಲಟನ್, 1894ರಲ್ಲಿ. ಪಕ್ಕದ ಬೆರಳಿನತ್ತ ವಾಲಿದ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸುವುದು ಅವರ ಉದ್ದೇಶ. ಎಲುಬುಗಳನ್ನು ಹಿಡಿದಿಡಲು ಅವರು ಬಳಸಿದ್ದು ದಂತದ ಮೊಳೆಗಳನ್ನು! ರಾಂಟ್ಜೆನ್ ಕ್ಷ-ಕಿರಣ ಕಂಡುಹಿಡಿದದ್ದು ಮರುವರ್ಷ. ಆದ್ದರಿಂದ ಬೆಸುಗೆ ಕೂಡಿತೋ ಇಲ್ಲವೋ ಎಂಬುದನ್ನು ಕೈಯಿಂದ ಅಲುಗಿಸಿ ನೋಡಿಯೇ ತಿಳಿಯಬೇಕಾಗಿತ್ತು.

1904ರಲ್ಲಿ ಅಮೆರಿಕದ ಸೇನಾವೈದ್ಯ ಕೆಲ್ಲರ್ ಸುಲಭದ ದಾರಿಯೊಂದನ್ನು ಪ್ರಕಟಿಸಿದರು. ಬೆರಳೆಲುಬಿನ ಬುಡವನ್ನೇ ಕತ್ತರಿಸಿ ತೆಗೆದರೆ ಉಜ್ಜುವುದಕ್ಕೆ ಏನೂ ಉಳಿಯದು, ಬೆರಳೂ ಬಾಗುತ್ತದೆ. ದಶಕಗಳ ಕಾಲ ಇದೇ ನಡೆಯಿತು. ಆದರೆ ಬೆರಳು ಗಿಡ್ಡವಾಗಿ, ಜೋಲು ಬಿದ್ದು, ಅದರ ಭಾರ ಪಕ್ಕದ ಎಲುಬುಗಳ ತಲೆಗೆ ಬೀಳುತ್ತಿತ್ತು. 1952ರಲ್ಲಿ ಹ್ಯೂಸ್ಟನ್ನಿನ ಮೆಕೀವರ್, ಒಂದು ಎಲುಬಿನ ತುದಿಯನ್ನು ಗೂಟದಂತೆ ಕೆತ್ತಿ ಇನ್ನೊಂದರ ಕುಳಿಯಲ್ಲಿ ಕೂರಿಸಿ, ತಿರುಪು ಬಿಗಿದು ಬೆಸೆಯುವುದನ್ನು ಪ್ರಕಟಿಸಿದ ಮೇಲೆ ಬೆಸುಗೆಗೆ ಮತ್ತೆ ಮರ್ಯಾದೆ ಬಂತು.

ನಿಜವಾದ ಕುಶಲತೆ ಇರುವುದು ತಿರುಪಿನಲ್ಲಲ್ಲ, ಕೋನದಲ್ಲಿ. ಬೆರಳು ತೀರ ಚಪ್ಪಟೆಯಾಗಿ ಬೆಸೆದುಕೊಂಡರೆ ಹೆಜ್ಜೆ ಎತ್ತುವಾಗ ನೆಲಕ್ಕೆ ಚುಚ್ಚುತ್ತದೆ, ಮುಂದಿನ ಚಿಕ್ಕ ಕೀಲು ಸವೆಯುತ್ತದೆ. ತೀರ ಮೇಲಕ್ಕಾದರೆ ಬೂಟಿಗೆ ಉಜ್ಜುತ್ತದೆ, ಭಾರ ಹೊರುವುದಿಲ್ಲ. ನೆಲದಿಂದ 10ರಿಂದ 15 ಡಿಗ್ರಿ ಮೇಲಕ್ಕಿರಬೇಕೆಂದು ಲೆಕ್ಕ. ಅದನ್ನು ಅಳೆಯುವ ಒಂದು ಬಗೆ ಕೇಳಿದರೆ ನಗು ಬರುತ್ತದೆ. ಉಪಕರಣಗಳ ಡಬ್ಬಿಯ ಶುದ್ಧೀಕರಿಸಿದ ಚಪ್ಪಟೆ ಮುಚ್ಚಳವನ್ನು ಅಂಗಾಲಿಗೆ ಒತ್ತಿ ಹಿಡಿದು, ರೋಗಿ ನಿಂತಂತೆ ಮಾಡಿಕೊಂಡು ನೋಡುವುದು! ಈ ಲೆಕ್ಕ ಹುಟ್ಟಿದ್ದು ಬೂಟು ಹಾಕಿಕೊಂಡು ಓಡಾಡುವವರ ನಾಡಿನಲ್ಲಿ. ಮನೆಯಲ್ಲಿ ಬರಿಗಾಲಿನಲ್ಲಿ ಓಡಾಡಿ, ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕುಕ್ಕರಗಾಲು ಹಾಕುವ ನಮ್ಮಂಥವರು ಅದನ್ನು ವೈದ್ಯರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಆ ಸಹೋದ್ಯೋಗಿಗೂ ಇದನ್ನೇ ಹೇಳಿದೆ.

ಚಲನೆಯ ಆಸೆ ಮಾತ್ರ ಬಿಡಲಿಲ್ಲ. 1970ರ ದಶಕದಲ್ಲಿ ಸಿಲಿಕೋನ್ ಕೀಲುಗಳು ಬಂದವು. ಅವು ಸವೆದು ಉದುರಿದ ಪುಡಿ ಸುತ್ತಲಿನ ಎಲುಬನ್ನೇ ತಿಂದ ಪ್ರಸಂಗಗಳಿವೆ. ಆಮೇಲೆ ಲೋಹದ ಕೀಲುಗಳು. 2005ರಲ್ಲಿ ಎಡಿನ್‌ಬರೋದಲ್ಲಿಯೇ, ಕಾಟರಿಲ್ಲರ ಊರಿನಲ್ಲಿ, ಗಿಬ್ಸನ್ ಮತ್ತು ಥಾಮ್ಸನ್ ಎರಡನ್ನೂ ಹೋಲಿಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ಬೆಸೆದ 38 ಬೆರಳುಗಳೂ ಕೂಡಿಕೊಂಡಿದ್ದವು. ಕೃತಕ ಕೀಲು ಕೂರಿಸಿದ 39ರಲ್ಲಿ 6 ಸಡಿಲಗೊಂಡು, ತೆಗೆಯಬೇಕಾಯಿತು.

2016ರಲ್ಲಿ ಅಮೆರಿಕದಲ್ಲಿ ಮತ್ತೊಂದು ಬಂತು. ನೀರು ಹೀರಿದ ಮೆತ್ತನೆಯ ಬಿರಡೆಯೊಂದನ್ನು ಎಲುಬಿನಲ್ಲಿ ಕೂರಿಸಿ, ಕೀಲನ್ನು ಆಡಲು ಬಿಡುವುದು. ಮೊದಲ ಪರೀಕ್ಷೆಗಳಲ್ಲಿ ಅದು ಬೆಸುಗೆಗೆ ಸರಿಸಮವೆಂದು ಕಂಡಿತ್ತು. ಎಣಿಸಿದ್ದಕ್ಕಿಂತ ಹೆಚ್ಚು ಮಂದಿಯಲ್ಲಿ ವಿಫಲವಾದ್ದರಿಂದ 2024ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ಅದು ಕೆಟ್ಟವರಿಗೆ ಸಾಮಾನ್ಯವಾಗಿ ಮಾಡುವುದು ಮತ್ತೆ ಬೆಸುಗೆಯೇ. ಬಿರಡೆ ಬಿಟ್ಟುಹೋದ ಗುಂಡಿಯನ್ನು ತುಂಬಲು ಎಲುಬಿನ ಚೂರುಗಳೂ ಈಗ ಬೇಕಾಗುತ್ತವೆ.