ವಿಜಯ್ ಮಲ್ಯ: ಫೋರ್ಸ್ ಇಂಡಿಯಾ ಒಡೆಯನ ಏಳುಬೀಳು

ಫಾರ್ಮುಲಾ ಒನ್ ಕಾರು ರೇಸಿನ ಕಣಕ್ಕೆ ಭಾರತದ ಹೆಸರಿನ ತಂಡವನ್ನು ಇಳಿಸಿದವರು ಉದ್ಯಮಿ ವಿಜಯ್ ಮಲ್ಯ. ಬಂಟ್ವಾಳ ಮೂಲದ ಕುಟುಂಬದ ಮಲ್ಯ ಜನಿಸಿದ್ದು 1955ರ ಡಿಸೆಂಬರ್ 18ರಂದು, ಕೋಲ್ಕತ್ತದಲ್ಲಿ. ತಂದೆ ವಿಠಲ ಮಲ್ಯ 1983ರಲ್ಲಿ ನಿಧನರಾದ ಬಳಿಕ ಬೆಂಗಳೂರಿನ ಯುಬಿ ಸಮೂಹದ ಚುಕ್ಕಾಣಿ ಹಿಡಿದರು. 2002 ಹಾಗೂ 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಯೌವನದಲ್ಲಿ ಸ್ವತಃ ರೇಸ್ ಕಾರು ಓಡಿಸಿದ್ದ ಅವರು, 2007ರಲ್ಲಿ ಡಚ್ ಉದ್ಯಮಿ ಮಿಖಿಲ್ ಮೋಲ್ ಜತೆಗೂಡಿ ಸ್ಪೈಕರ್ ತಂಡವನ್ನು 8.8 ಕೋಟಿ ಯೂರೊಗೆ ಖರೀದಿಸಿದರು. ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. 2008ರಲ್ಲಿ ತಂಡಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಮರುವರ್ಷ ಬೆಲ್ಜಿಯಂ ರೇಸಿನಲ್ಲಿ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು ಎರಡನೆಯವರಾದರು. ತಂಡಕ್ಕೆ ದೊರೆತ ಮೊದಲ ಅಂಕಗಳಿವು.

ಇತ್ತ 2005ರಲ್ಲಿ ಹಾರಾಟ ಆರಂಭಿಸಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲದಲ್ಲಿ ಮುಳುಗಿ, 2012ರ ಅಕ್ಟೋಬರ್‌ನಲ್ಲಿ ನಿಂತಿತು. ಸಿಬ್ಬಂದಿಯ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ತೊರೆದು ಬ್ರಿಟನ್ನಿಗೆ ತೆರಳಿದರು. ವಿಪರ್ಯಾಸವೆಂದರೆ, ಅದೇ ವರ್ಷ ಹಾಗೂ 2017ರಲ್ಲಿ ತಂಡ ನಾಲ್ಕನೇ ಸ್ಥಾನ ಗಳಿಸಿತು. ಅದರ ಶ್ರೇಷ್ಠ ಸಾಧನೆ ಅದೇ.

ಹಣದ ಮುಗ್ಗಟ್ಟಿನಿಂದ 2018ರ ಜುಲೈನಲ್ಲಿ ತಂಡ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಹೂಡಿಕೆದಾರರು ಅದನ್ನು ಕೊಂಡರು. ಸಿಲ್ವರ್‌ಸ್ಟೋನ್‌ನ ಸುಮಾರು 400 ಸಿಬ್ಬಂದಿಯ ಕೆಲಸ ಉಳಿಯಿತು. 2021ರಿಂದ ಅದರ ಹೆಸರು ಆಸ್ಟನ್ ಮಾರ್ಟಿನ್.

2019ರ ಜನವರಿಯಲ್ಲಿ ಮುಂಬೈ ನ್ಯಾಯಾಲಯ ಮಲ್ಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ವಂಚನೆಯ ಆರೋಪವನ್ನು ಅವರು ನಿರಾಕರಿಸುತ್ತಾ ಬಂದಿದ್ದಾರೆ. ಒಬ್ಬನೇ ಒಡೆಯನ ಎರಡು ಸಂಸ್ಥೆಗಳಲ್ಲಿ ರೇಸ್ ತಂಡಕ್ಕೆ ಹೊಸ ಮಾಲೀಕರು ಸಿಕ್ಕರು. ವಿಮಾನ ಸಂಸ್ಥೆಯ ನೌಕರರಿಗೆ ಆ ಭಾಗ್ಯ ದೊರೆಯಲಿಲ್ಲ.