ಕಸಬಿನ ಗಣತಿಯೂ ಕಪಿಲಾತೀರದ ಜನಜೀವನವೂ

ಅರಸರ ವಂಶಾವಳಿಯನ್ನೂ ದೇವಾಲಯಗಳ ಶಿಲಾಶಾಸನಗಳನ್ನೂ ಆಧಾರವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವ ಪದ್ಧತಿಯು ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿರುವುದು. ಭೂಮಿಯನ್ನು ದಾನವಿತ್ತವನ ಹೆಸರು ಕಲ್ಲಿನ ಮೇಲೆ ಉಳಿದಿರುವುದು. ಆ ಭೂಮಿಯನ್ನು ಉತ್ತವನ, ಗುಡಿಗೆ ಮಡಕೆಯನ್ನೊದಗಿಸಿದವನ, ಬಟ್ಟೆಯನ್ನು ನೆಯ್ದವನ ಹೆಸರು ಬಹುಮಟ್ಟಿಗೆ ಅಳಿದುಹೋಗಿರುವುದು. ಇಂತಹ ಸಾಮಾನ್ಯ ಜನರ ಬಾಳನ್ನು ತಿಳಿಯಬಯಸುವವರಿಗೆ ದೊರೆಯುವ ಸಾಧನಗಳಲ್ಲಿ, ಮೈಸೂರು ಸೀಮೆಯ ಹಿರಿಯರು ಖಾನೇಷುಮಾರಿಯೆಂದು ಕರೆಯುತ್ತಿದ್ದ ಜನಗಣತಿಯ ಕಸಬಿನ ಕೋಷ್ಟಕಗಳು ಮುಖ್ಯವಾದುವು.

ಕಾಯಕವನ್ನು ಪೂಜ್ಯವೆಂದೆಣಿಸಿದ ಶರಣಪರಂಪರೆಯವರಿಗೆ ಇದು ಹೊರಗಿನ ವಿಷಯವಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ಮನುಷ್ಯನೊಡನೆ ಅವನ ಕಸಬೂ ಕೂಡಿಬಂದಿರುವುದು. ಗಣತಿಯ ಕಾಗದವೂ ಪ್ರತಿಯೊಬ್ಬನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಇದೇ ಆಗಿರುವುದು: ನಿನ್ನ ಜೀವನೋಪಾಯವೇನು?

ಮೈಸೂರು ಸಂಸ್ಥಾನದಲ್ಲಿ ಆಧುನಿಕ ರೀತಿಯ ಮೊದಲನೆಯ ಗಣತಿಯು ೧೮೭೧ರಲ್ಲಿ ನಡೆಯಿತು. ಆಗಿನ ಜನಸಂಖ್ಯೆ ೫೦,೫೫,೪೧೨. ಧಾತು ಈಶ್ವರ ಸಂವತ್ಸರಗಳ ಘೋರಕ್ಷಾಮದ ತರುವಾಯ ೧೮೮೧ರಲ್ಲಿ ಎಣಿಸಿದಾಗ ಅದು ೪೧,೮೬,೧೮೮ಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ೮,೬೯,೨೨೪ ಮಂದಿ ಕಡಮೆಯಾದರೆಂಬ ಈ ಒಂದು ವಾಕ್ಯವು ಕ್ಷಾಮದ ಎಷ್ಟೋ ವರ್ಣನೆಗಳಿಗಿಂತ ತೂಕವುಳ್ಳದ್ದು. ಅನಂತರ ಹತ್ತು ಹತ್ತು ವರ್ಷಗಳಿಗೊಮ್ಮೆ ಗಣತಿಯು ನಡೆದುಬಂದು, ಕಸಬುಗಳ ವಿಂಗಡಣೆಯೂ ಸೂಕ್ಷ್ಮವಾಗುತ್ತ ಹೋಯಿತು. ೧೯೦೧ರಲ್ಲಿ ಕಸಬುಗಳನ್ನು ೫೨೦ ಪಂಗಡಗಳಾಗಿಯೂ, ೧೯೧೧ರಲ್ಲಿ ೧೬೯ ಪಂಗಡಗಳಾಗಿಯೂ ವಿಭಾಗಿಸಿದರು. ೧೯೧೧ರಲ್ಲಿಯೇ ಇಪ್ಪತ್ತು ಮಂದಿಗೆ ಕಡಮೆಯಿಲ್ಲದೆ ಕೆಲಸಮಾಡುವ ಕಾರ್ಖಾನೆಗಳನ್ನು ಪ್ರತ್ಯೇಕವಾಗಿ ಎಣಿಸಿದರು. ೧೯೨೧ರಲ್ಲಿ ಆ ಮಿತಿಯನ್ನು ಹತ್ತಕ್ಕೆ ಇಳಿಸಿದರು. ೧೯೩೧ರ ಮೈಸೂರು ಗಣತಿಯ ವರದಿಯನ್ನು ಬರೆದವರು ಕನ್ನಡದ ಹಿರಿಯ ಕಥೆಗಾರರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು.

ಈ ಅಂಕಿಗಳನ್ನು ಓದುವ ಕ್ರಮಕ್ಕೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಒಳ್ಳೆಯ ಉದಾಹರಣೆಗಳು. ಎರಡೂ ಒಂದೇ ಜಿಲ್ಲೆಗೆ ಸೇರಿದುವು. ಎರಡಕ್ಕೂ ಕಪಿಲೆಯ ನೀರುಂಟು. ಆದರೂ ಜೀವನೋಪಾಯದ ದಾರಿಗಳು ಬೇರೆ ಬೇರೆಯಾಗಿ ಬೆಳೆದುವು. ನಂಜನಗೂಡು ಶ್ರೀಕಂಠೇಶ್ವರನ ಕ್ಷೇತ್ರ. ಯಾತ್ರಿಕರಿಂದ ಜೀವಿಸುವ ಅರ್ಚಕರು, ಹೂವಾಡಿಗರು, ಅಂಗಡಿಯವರು ಅಲ್ಲಿ ಮೊದಲಿನಿಂದಲೂ ಇದ್ದರು. ೧೮೯೧ರಲ್ಲಿ ಮೈಸೂರಿನಿಂದ ರೈಲುದಾರಿ ಬಂದಿತು. ಸ್ವಾತಂತ್ರ್ಯಾನಂತರ ಕಾಗದದ ಗಿರಣಿಯೇ ಮೊದಲಾದ ಕೈಗಾರಿಕೆಗಳು ನೆಲೆಗೊಂಡುವು. ನರಸೀಪುರವಾದರೋ ಕಾವೇರೀ ಕಪಿಲೆಯರ ಸಂಗಮಸ್ಥಾನ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟಿನ ನಾಲೆಯಂತಹ ಪ್ರಾಚೀನ ನೀರಾವರಿಯಿಂದ ಬತ್ತದ ಬೇಸಾಯವು ಅಲ್ಲಿ ನೆಲೆನಿಂತಿತ್ತು. ಅದರೊಡನೆ ರೇಷ್ಮೆಯ ಕಸಬೂ ಬೆಳೆದು, ಸರ್ಕಾರದ ರೇಷ್ಮೆ ಫಿಲೇಚರು ಸ್ಥಾಪಿತವಾಯಿತು. ೧೯೫೧ರಿಂದ ಪ್ರಕಟವಾದ ಜಿಲ್ಲಾ ಗಣತಿ ಕೈಪಿಡಿಗಳಲ್ಲಿ ಗ್ರಾಮಗ್ರಾಮದ ಲೆಕ್ಕವೂ ದೊರೆಯುವುದರಿಂದ, ಯಾವ ಊರಿನಲ್ಲಿ ಒಕ್ಕಲುತನವು ಕುಗ್ಗಿ ಕೂಲಿಯು ಹೆಚ್ಚಿತು, ಯಾವ ಊರಿನಲ್ಲಿ ಮನೆಯ ಕೈಗಸಬು ನಿಂತಿತು ಎಂಬುದನ್ನು ಶ್ರದ್ಧೆಯುಳ್ಳವರು ತಾವೇ ಹೋಲಿಸಿ ನೋಡಬಹುದು.

ಆದರೆ ಹೋಲಿಕೆಯಲ್ಲಿ ಎಚ್ಚರವಿರಬೇಕು. ೧೯೩೯ರಲ್ಲಿ ಮಂಡ್ಯವೂ ೧೯೯೭ರಲ್ಲಿ ಚಾಮರಾಜನಗರವೂ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟುದರಿಂದ, ಜಿಲ್ಲೆಯ ಮೊತ್ತವನ್ನು ಹಿಂದಿನ ಮೊತ್ತದೊಡನೆ ನೇರವಾಗಿ ಇಡಲಾಗದು. ೧೯೩೧ರವರೆಗಿನ ಎಣಿಕೆಯು ಒಂದೇ ರಾತ್ರಿಯದು. ಆ ರಾತ್ರಿ ನಂಜನಗೂಡಿನ ಛತ್ರದಲ್ಲಿ ಮಲಗಿದ್ದ ಯಾತ್ರಿಕನು ಆ ಊರಿನ ಲೆಕ್ಕಕ್ಕೇ ಸೇರುವನು. ಕುಲದ ಹೆಸರನ್ನು ಕಸಬೆಂದು ಭ್ರಮಿಸುವುದೂ ತಪ್ಪು. ಗಾಣಿಗರೆಂದು ಬರೆಯಿಸಿದವರೆಲ್ಲ ಗಾಣವನ್ನು ತಿರುಗಿಸುತ್ತಿರಲಿಲ್ಲ, ಕುಂಬಾರರೆಲ್ಲ ತಿಗರಿಯ ಮುಂದೆ ಕುಳಿತಿರಲಿಲ್ಲ.

ಪಂಗಡಗಳ ಹೆಸರುಗಳಲ್ಲಿಯೂ ಎಣಿಸುವವರ ಮನೋಧರ್ಮವು ಅಡಗಿರುವುದು. ೧೯೧೧ರ ಪಟ್ಟಿಯಲ್ಲಿ ಮಠವಾಸಿಗಳೂ ಧಾರ್ಮಿಕ ಭಿಕ್ಷುಕರೂ ಧರ್ಮವೃತ್ತಿಯ ಪಂಗಡಕ್ಕೆ ಸೇರಿದರು. ಸಾಮಾನ್ಯ ಭಿಕ್ಷುಕರಾದರೋ ಅನುತ್ಪಾದಕರೆಂಬ ವರ್ಗದಲ್ಲಿ, ಅಲೆಮಾರಿಗಳ ಜೊತೆಯಲ್ಲಿ ನಿಂತರು. ಜೋಳಿಗೆಯನ್ನು ಹಿಡಿದು ಮನೆಯಿಂದ ಮನೆಗೆ ಹೋಗುವ ಒಬ್ಬ ಜಂಗಮನು ಈ ಎರಡರಲ್ಲಿ ಯಾವುದಕ್ಕೆ ಸೇರುವನೆಂಬುದು, ಎಣಿಸಲು ಬಂದವನು ಬರೆದುಕೊಂಡ ಒಂದು ಮಾತನ್ನು ಅವಲಂಬಿಸಿತ್ತು.

ಇದಕ್ಕಿಂತ ದೊಡ್ಡ ಕೊರತೆಯು ಸ್ತ್ರೀಯರ ವಿಷಯದಲ್ಲಿ ಆದುದು. ಹಿಪ್ಪುನೇರಳೆಯ ಸೊಪ್ಪನ್ನು ಕೊಯ್ದು, ರಾತ್ರಿ ಎದ್ದು ಹುಳುಗಳಿಗೆ ಮೇವು ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಗೂಡನ್ನು ಮಾರಿದ ಹಣವನ್ನು ಎಣಿಸಿಕೊಂಡವನು ಯಜಮಾನನಾದುದರಿಂದ ಕಸಬೂ ಅವನ ಹೆಸರಿಗೇ ಬರೆಯಲ್ಪಡುವುದುಂಟು. ಗೃಹಿಣಿಯ ಮುಂದೆ ಮನೆಗೆಲಸವೆಂಬ ಒಂದೇ ಮಾತು ಉಳಿಯುವುದು. ೧೯೬೧ರಲ್ಲಿ ದುಡಿಮೆಗಾರರೆಂಬುದಕ್ಕೆ ಉದಾರವಾದ ಲಕ್ಷಣವನ್ನು ಹೇಳಿದ್ದರು. ೧೯೭೧ರಲ್ಲಿ ಮುಖ್ಯ ಕೆಲಸವಾವುದೆಂದು ಮೊದಲು ಕೇಳಿದುದರಿಂದ ದೇಶದಲ್ಲೆಲ್ಲ ದುಡಿಯುವ ಸ್ತ್ರೀಯರ ಸಂಖ್ಯೆಯು ಬಹಳವಾಗಿ ಇಳಿಯಿತು. ಹೆಂಗಸರು ದುಡಿಮೆಯನ್ನು ಬಿಟ್ಟಿರಲಿಲ್ಲ, ಪ್ರಶ್ನೆಯು ಬದಲಾಗಿತ್ತು. ೧೯೮೧ರಿಂದ ವರ್ಷದಲ್ಲಿ ಆರು ತಿಂಗಳಿಗೆ ಕಡಮೆ ದುಡಿಯುವವರನ್ನೂ ಬೇರೆಯಾಗಿ ಎಣಿಸಿ ಈ ಕೊರತೆಯನ್ನು ಕೊಂಚ ತುಂಬಿದರು.

೨೦೦೧ ಮತ್ತು ೨೦೧೧ರ ಗ್ರಾಮವಾರು ಕೋಷ್ಟಕಗಳಲ್ಲಿ ದುಡಿಮೆಗಾರರಿಗೆ ನಾಲ್ಕೇ ವರ್ಗಗಳು: ಸಾಗುವಳಿದಾರರು, ಕೃಷಿಕೂಲಿಗಳು, ಗೃಹಕೈಗಾರಿಕೆಯವರು, ಇತರರು. ನಂಜನಗೂಡಿನ ಕಾರ್ಖಾನೆಯ ಕೆಲಸಗಾರನೂ ಶಾಲೆಯ ಉಪಾಧ್ಯಾಯನೂ ದೇವಾಲಯದ ಅರ್ಚಕನೂ ಲಾರಿಯ ಚಾಲಕನೂ ಈ ಇತರರೆಂಬ ಒಂದೇ ಮಾತಿನಲ್ಲಿ ಅಡಗಿಹೋಗುವರು. ಇಂತಹ ಸ್ಥಳದಲ್ಲಿ ಊರಿನ ಹಿರಿಯರ ಜ್ಞಾಪಕ, ಮಠದ ದಾಸೋಹದ ಕಡತ, ಸಂತೆಯ ಲೆಕ್ಕ ಇವು ಗಣತಿಗೆ ಪೂರಕವಾಗಬೇಕು.

೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ನಿಂತುಹೋಗಿ, ೨೦೨೭ನೆಯ ಇಸವಿಗೆ ಗೊತ್ತುಮಾಡಿದುದಾಗಿ ೨೦೨೫ರಲ್ಲಿ ಪ್ರಕಟಣೆ ಹೊರಟಿತು. ಎಣಿಸುವವರು ಬಾಗಿಲಿಗೆ ಬಂದಾಗ ಯಜಮಾನನು ತನ್ನ ಕಸಬನ್ನು ಮಾತ್ರ ಹೇಳಿ ಕಳುಹಿಸದೆ, ಹುಳುಮನೆಯಲ್ಲಿ ದುಡಿಯುವ ಹೆಂಡತಿಯ, ಬಿಡುವಿನಲ್ಲಿ ಕೂಲಿಗೆ ಹೋಗುವ ಮಗನ, ಬುಟ್ಟಿ ಹೆಣೆಯುವ ವೃದ್ಧ ತಾಯಿಯ ಕಾಯಕವನ್ನೂ ಬಿಡದೆ ಬರೆಯಿಸುವುದು ಯುಕ್ತವು. ಅಂದು ಹೇಳದೆ ಬಿಟ್ಟ ದುಡಿಮೆಯು ಮುಂದೆ ಚರಿತ್ರೆಯನ್ನು ಬರೆಯುವವರ ಕಣ್ಣಿಗೆ ಬೀಳುವಂತಿಲ್ಲ.